ಒಳನಾಡಿಗೂ ಉಂಟು ಕಡಲಿನ ಋಣ

ಭೀಮಾನದಿಯ ಇಕ್ಕೆಲಗಳಲ್ಲಿ ಹಬ್ಬಿಕೊಂಡಿರುವ ಆಳಂದ, ಅಫಜಲಪುರ, ಜೇವರ್ಗಿ ಸೀಮೆಯ ಎರೆಭೂಮಿಯಲ್ಲಿ ತೊಗರಿ, ಜೋಳ, ಕಡಲೆಗಳನ್ನು ಬೆಳೆದು, ಮುಗಿಲನ್ನು ನೋಡಿ ಮಳೆಯ ಲೆಕ್ಕ ಹಾಕುತ್ತ ಬಾಳಿಕೊಂಡು ಬಂದ ಜನಕ್ಕೆ ಸಮುದ್ರವೆಂಬುದು ಪುರಾಣಪ್ರವಚನಗಳಲ್ಲಿ ಕೇಳಿ ತಿಳಿದ ಸಂಗತಿಯೇ ಹೊರತು ಕಣ್ಣಾರೆ ಕಂಡು ಬಲ್ಲ ವಸ್ತುವಲ್ಲ. ಇದಕ್ಕೆ ಭೂಗೋಳದಷ್ಟೇ ಚರಿತ್ರೆಯೂ ಕಾರಣವಾಗಿದೆ. 1948ನೆಯ ಇಸವಿಯ ಸೆಪ್ಟೆಂಬರಿನವರೆಗೆ ನಮ್ಮ ಪ್ರಾಂತವು ಯಾವ ಸಂಸ್ಥಾನಕ್ಕೆ ಒಳಪಟ್ಟಿತ್ತೋ ಆ ಹೈದರಾಬಾದು ಸಂಸ್ಥಾನವು, ಐಶ್ವರ್ಯದಲ್ಲಿ ಭಾರತದ ದೇಶೀಯ ಸಂಸ್ಥಾನಗಳ ಪೈಕಿ ಅಗ್ರಗಣ್ಯವೆನಿಸಿದ್ದರೂ, ತನ್ನದೆಂದು ಹೇಳಿಕೊಳ್ಳಲು ಒಂದು ಗೇಣು ಸಮುದ್ರತೀರವನ್ನೂ ಉಳಿಸಿಕೊಂಡಿರಲಿಲ್ಲ. 1956ನೆಯ ನವೆಂಬರ್ 1ರಂದು ಕನ್ನಡ ಸೀಮೆಗಳು ಒಂದುಗೂಡಿದಾಗಲೇ ಕಲಬುರಗಿಯ ಒಕ್ಕಲಿಗನೂ ಕಾರವಾರದ ಮೀನುಗಾರನೂ ಒಂದೇ ರಾಜ್ಯದ ಪ್ರಜೆಗಳಾದರು, ಕಡಲಿಲ್ಲದ ನಾಡಿಗೆ ಕಡಲೊಂದು ದೊರೆಯಿತು. ಆದರೆ ನಕಾಶೆಯಲ್ಲಿ ದೊರೆತದ್ದು ಮನಸ್ಸಿಗೆ ದೊರೆಯಲು ಇನ್ನೂ ಬಹುಕಾಲ ಬೇಕು. ನಿಂಬರ್ಗಾದಂಥ ಊರಿನಲ್ಲಿ ಹುಟ್ಟಿ ಬೆಳೆದವರು ಸೈನಿಕನೆಂದರೆ ಹಿಮಾಲಯದ ಗಡಿಯಲ್ಲಿ ನಿಂತವನನ್ನು ನೆನೆಯುತ್ತಾರೆಯೇ ಹೊರತು, ನೀರಿನ ಕೆಳಗೆ ಕಾವಲು ಕಾಯುವವನೊಬ್ಬನಿದ್ದಾನೆಂಬುದು ಅವರ ಎಣಿಕೆಗೆ ಬರುವುದು ಅಪೂರ್ವ.

ಆದರೂ ಪ್ರಕೃತಿಯು ನಮ್ಮನ್ನು ಸಮುದ್ರದಿಂದ ಬೇರೆ ಮಾಡಿಲ್ಲ. ನಮ್ಮ ಹೊಲಗಳ ಮೇಲೆ ಸುರಿದ ಮಳೆಯ ನೀರು ಹಳ್ಳಕೊಳ್ಳಗಳಾಗಿ, ಅಮರ್ಜಾದಂಥ ಉಪನದಿಗಳಾಗಿ ಭೀಮೆಯನ್ನು ಸೇರುತ್ತದೆ. ಭೀಮೆಯು ರಾಯಚೂರಿನ ಬಳಿ ಕೃಷ್ಣೆಯಲ್ಲಿ ಲೀನವಾಗುತ್ತಾಳೆ. ಕೃಷ್ಣೆಯು ಆಂಧ್ರದೇಶವನ್ನು ದಾಟಿ ಬಂಗಾಳ ಕೊಲ್ಲಿಗೆ ತನ್ನನ್ನು ಒಪ್ಪಿಸಿಕೊಳ್ಳುತ್ತಾಳೆ. ಆ ಕೊಲ್ಲಿಯ ತೀರದಲ್ಲಿಯೇ, ಕೃಷ್ಣೆಯ ಮುಖಜಭೂಮಿಯಿಂದ ಇನ್ನೂ ಈಶಾನ್ಯಕ್ಕೆ, ವಿಶಾಖಪಟ್ಟಣವಿದೆ. ಮುಂಬಯಿಯಿಂದ ಭುವನೇಶ್ವರಕ್ಕೆ ಹೋಗುವ ಕೋಣಾರ್ಕ ಎಕ್ಸ್‌ಪ್ರೆಸ್ಸು ಕಲಬುರಗಿಯನ್ನೂ ವಾಡಿಯನ್ನೂ ಹಾದು ಅಲ್ಲಿಗೆ ತಲುಪುತ್ತದೆಯಾಗಿ, ನಮ್ಮ ಭಾಗದವರಿಗೆ ಅದು ದುರ್ಗಮವಾದ ಊರೇನೂ ಅಲ್ಲ. ನಮ್ಮೂರಿನ ಕೆಲವರು ಹಿರಿಯ ರೈತರೊಡನೆ ಪೂರ್ವತೀರದ ಯಾತ್ರೆಗೆಂದು ಹೊರಟಿದ್ದ ನಾನು, ಸಿಂಹಾಚಲದ ದೇವರ ದರ್ಶನವಾದ ಬಳಿಕ ಅವರನ್ನು ರಾಮಕೃಷ್ಣ ಬೀಚಿಗೆ ಕರೆದೊಯ್ದು, ಅಲ್ಲಿ ದಡವೇರಿ ನಿಂತಿರುವ ಐಎನ್‌ಎಸ್ ಕುರ್ಸುರಾ ಎಂಬ ಜಲಾಂತರ್ಗಾಮಿಯ ಒಳಗನ್ನು ತೋರಿಸಿದೆನು. ದೇವಾಲಯವನ್ನು ಕಂಡು ಬಂದ ಭಕ್ತಿಯಲ್ಲಿಯೇ ಅವರು ಅದನ್ನೂ ಕಂಡರೆಂಬುದು ನನಗೆ ಸಂತೋಷವನ್ನುಂಟುಮಾಡಿತು.

ಕುರ್ಸುರಾ ನೌಕೆಯ ವೃತ್ತಾಂತವನ್ನು ಸಂಕ್ಷೇಪವಾಗಿ ಹೇಳುವುದು ಇಲ್ಲಿ ಅವಶ್ಯಕ. ಸ್ವತಂತ್ರ ಭಾರತವು ತನ್ನ ನೌಕಾಪಡೆಗೆ ಜಲಾಂತರ್ಗಾಮಿಗಳನ್ನು ಸೇರಿಸಿಕೊಳ್ಳಬೇಕೆಂದು ನಿಶ್ಚಯಿಸಿದಾಗ ಸೋವಿಯೆತ್ ಒಕ್ಕೂಟವು ನೆರವಿಗೆ ಬಂದಿತು. ಬಾಲ್ಟಿಕ್ ಸಮುದ್ರದ ರೀಗಾ ಬಂದರಿನಲ್ಲಿ 1967ನೆಯ ಡಿಸೆಂಬರ್ 8ರಂದು ಮೊದಲನೆಯ ನೌಕೆಯಾದ ಕಲ್ವರಿಯು ಭಾರತದ ಧ್ವಜವನ್ನು ಧರಿಸಿತು. ಆ ದಿನವನ್ನು ನೌಕಾಪಡೆಯು ಇಂದಿಗೂ ಜಲಾಂತರ್ಗಾಮಿ ದಿನವೆಂದು ಆಚರಿಸುತ್ತದೆ. ಖಂಡೇರಿ ಮತ್ತು ಕರಂಜ್ ಎಂಬವುಗಳ ತರುವಾಯ ನಾಲ್ಕನೆಯದಾಗಿ ಕುರ್ಸುರಾ 1969ನೆಯ ಡಿಸೆಂಬರ್ 18ರಂದು ಸೇವೆಗೆ ಸೇರಿತು. 1967ರ ಅರಬ್-ಇಸ್ರೇಲ್ ಯುದ್ಧದಿಂದಾಗಿ ಸುಯೆಜ್ ಕಾಲುವೆಯು ಮುಚ್ಚಿಹೋಗಿದ್ದ ಕಾಲವದು. ಆದಕಾರಣ ಈ ನೌಕೆಯು ಯುರೋಪಿನ ಪಶ್ಚಿಮತೀರವನ್ನು ಬಳಸಿ, ಆಫ್ರಿಕಾಖಂಡವನ್ನೇ ಸುತ್ತುಹಾಕಿ, 1970ರಲ್ಲಿ ತಾಯ್ನಾಡಿಗೆ ಬಂದಿತು. ಮೂರು ದಶಕಗಳಿಗೂ ಮೀರಿದ ಸೇವೆಯ ಅನಂತರ 2001ರಲ್ಲಿ ಅದು ನಿವೃತ್ತವಾಯಿತು. ನಿವೃತ್ತವಾದ ನೌಕೆಗಳ ಸಾಮಾನ್ಯ ಗತಿಯೆಂದರೆ ಗುಜರಿಯವರ ಕುಲುಮೆ. ಕುರ್ಸುರಾ ಆ ಗತಿಯಿಂದ ಪಾರಾದದ್ದು, ಅದನ್ನು ಜನತೆಯ ಶಿಕ್ಷಣಕ್ಕಾಗಿ ಉಳಿಸಬೇಕೆಂದು ನೌಕಾಪಡೆಯ ಹಿರಿಯರೂ ಆಂಧ್ರಪ್ರದೇಶ ಸರಕಾರವೂ ಸಂಕಲ್ಪಿಸಿದ್ದರಿಂದ. ತೊಂಬತ್ತೊಂದು ಮೀಟರ್ ಉದ್ದದ, ಸಾವಿರಾರು ಟನ್ ಭಾರದ ಆ ಉಕ್ಕಿನ ದೇಹವನ್ನು ಅಲೆಗಳ ನಡುವಿನಿಂದ ಮರಳಿನ ಮೇಲಕ್ಕೆ ಎಳೆದು ತಂದು ಪೀಠದ ಮೇಲೆ ನಿಲ್ಲಿಸಿದ್ದೇ ಒಂದು ಸಾಹಸಕಾರ್ಯವೆನ್ನಬೇಕು. 2002ನೆಯ ಆಗಸ್ಟ್ ತಿಂಗಳಿನಿಂದ ಅದು ಸಾರ್ವಜನಿಕರ ದರ್ಶನಕ್ಕೆ ತೆರೆದಿದೆ.

ಹೊರಗಿನಿಂದ ನೋಡುವವನಿಗೆ ಅದು ವಿಶಾಲವಾಗಿ ತೋರುತ್ತದೆ. ಮೆಟ್ಟಿಲೇರಿ ಒಳಹೊಕ್ಕವನಿಗೆ ವಿಶಾಲವೆಂಬ ಮಾತೇ ಮರೆತುಹೋಗುತ್ತದೆ. ಮೊದಲು ಕಾಣುವುದು ಮುಂಭಾಗದ ಟಾರ್ಪಿಡೋ ಕೋಣೆ: ಆರು ನಾಳಗಳ ಹಿತ್ತಾಳೆಯ ಬಾಯಿಗಳು ಎದುರಿಗೆ, ಶತ್ರುನೌಕೆಗಳನ್ನು ಭೇದಿಸಬಲ್ಲ ಆಯುಧಗಳು ಪಕ್ಕಗಳಲ್ಲಿ, ಆ ಆಯುಧಗಳ ಮಗ್ಗುಲಿನಲ್ಲಿಯೇ ನಾವಿಕರು ಮಲಗುವ ಹಲಗೆಗಳು. ಹಿಂಭಾಗದಲ್ಲಿ ಇನ್ನೂ ನಾಲ್ಕು ನಾಳಗಳಿವೆ. ಒಟ್ಟು 22 ಟಾರ್ಪಿಡೋಗಳನ್ನು ಹೊತ್ತು ನಡೆಯುವ ಶಕ್ತಿ ಈ ನೌಕೆಗಿತ್ತು. ಇವೆರಡು ಕೊನೆಗಳ ನಡುವೆ ಅಧಿಕಾರಿಗಳ ಕೋಣೆ, ನಿಯಂತ್ರಣಕೋಣೆ, ಅಡುಗೆಮನೆ, ಡೀಸೆಲ್ ಎಂಜಿನುಗಳು, ವಿದ್ಯುತ್ ಮೋಟಾರುಗಳು ಒಂದರ ಹಿಂದೊಂದು ಪೋಣಿಸಿದಂತೆ ಬರುತ್ತವೆ. ಒಂದು ವಿಭಾಗದಿಂದ ಇನ್ನೊಂದಕ್ಕೆ ಹೋಗಬೇಕಾದರೆ ದಪ್ಪನೆಯ ಉಕ್ಕಿನ ಗೋಡೆಯಲ್ಲಿರುವ ದುಂಡಗಿನ ಕಿಂಡಿಯಲ್ಲಿ, ಮೊದಲು ಒಂದು ಕಾಲನ್ನು ಚಾಚಿ, ತಲೆಯನ್ನು ಬಗ್ಗಿಸಿ, ಮೈಯನ್ನು ಕುಗ್ಗಿಸಿ ನುಸುಳಬೇಕು. ಒಂದು ಭಾಗಕ್ಕೆ ನೀರು ನುಗ್ಗಿದರೆ ಆ ಕಿಂಡಿಯನ್ನು ಮುಚ್ಚಿ ಉಳಿದ ಭಾಗಗಳನ್ನು ರಕ್ಷಿಸುವುದಕ್ಕಾಗಿ ಈ ವ್ಯವಸ್ಥೆ. ಮುಚ್ಚಿದ ಕಿಂಡಿಯ ಆಚೆಗೆ ಉಳಿದ ಒಡನಾಡಿಗಳ ಗತಿಯೇನೆಂದು ಯೋಚಿಸಿದರೆ, ನಾವಿಕನು ಸೇವೆಗೆ ಸೇರುವ ದಿನವೇ ಎಂಥ ಕಠೋರ ಪ್ರತಿಜ್ಞೆಯನ್ನು ಮನಸ್ಸಿನಲ್ಲಿಯೇ ಕೈಗೊಂಡಿರುತ್ತಾನೆಂಬುದು ವೇದ್ಯವಾಗುತ್ತದೆ.

ನೌಕೆಯು ಮುಳುಗುವ ತತ್ತ್ವವು ಸರಳವಾದದ್ದು. ಬಾವಿಗೆ ಇಳಿಬಿಟ್ಟ ಖಾಲಿ ಕೊಡವು ತೇಲುತ್ತದೆ, ಬಾಯಿ ವಾಲಿ ನೀರು ತುಂಬಿದೊಡನೆ ಮುಳುಗುತ್ತದೆ. ಇದನ್ನು ನಮ್ಮ ಹೆಣ್ಣುಮಕ್ಕಳು ಯಾವ ಶಾಸ್ತ್ರವನ್ನೂ ಓದದೆ ಬಲ್ಲರು. ಜಲಾಂತರ್ಗಾಮಿಯ ಹೊರಮೈಗೂ ಒಳಮೈಗೂ ನಡುವೆ ತೊಟ್ಟಿಗಳಿವೆ. ಅವುಗಳಿಗೆ ಸಮುದ್ರದ ನೀರನ್ನು ಬಿಟ್ಟುಕೊಂಡರೆ ನೌಕೆಯು ಕೆಳಗಿಳಿಯುತ್ತದೆ. ಸಿಲಿಂಡರುಗಳಲ್ಲಿ ಅದುಮಿಟ್ಟ ಗಾಳಿಯನ್ನು ನುಗ್ಗಿಸಿ ಆ ನೀರನ್ನು ಹೊರದೂಡಿದರೆ ಮೇಲೇಳುತ್ತದೆ. ತತ್ತ್ವವು ಹೀಗೆ ಸುಲಭವಾದರೂ ಆಚರಣೆಯು ಸುಲಭವಲ್ಲ. ಸಮುದ್ರದಲ್ಲಿ ಪ್ರತಿ 10 ಮೀಟರ್ ಆಳಕ್ಕೆ ಒಂದು ವಾಯುಮಂಡಲದಷ್ಟು ಒತ್ತಡವು ಅಧಿಕವಾಗುತ್ತದೆ. 200 ಮೀಟರ್ ಆಳದಲ್ಲಿ ನೌಕೆಯ ಮೈಯ ಒಂದೊಂದು ಚದರ ಸೆಂಟಿಮೀಟರಿನ ಮೇಲೂ 20 ಕಿಲೋಗ್ರಾಮಿಗಿಂತ ಹೆಚ್ಚಿನ ಭಾರವು ನಾಲ್ಕೂ ಕಡೆಗಳಿಂದ ಬಿಡದೆ ಅಮುಕುತ್ತಿರುತ್ತದೆ. ಅಲ್ಲಿ ಒಂದು ಕವಾಟ ಸಡಿಲವಾದರೆ, ಒಂದು ಬೆಸುಗೆ ಬಿರುಕುಬಿಟ್ಟರೆ, ಒಬ್ಬ ಮನುಷ್ಯ ತೂಕಡಿಸಿದರೆ, ಅದರ ಫಲವನ್ನು ಸರ್ವರೂ ಸಮನಾಗಿ ಅನುಭವಿಸಬೇಕಾಗುತ್ತದೆ.

ನಿಯಂತ್ರಣಕೋಣೆಯ ಗೋಡೆಗಳ ತುಂಬ ಹರಡಿದ್ದ ಕೊಳವೆ, ಚಕ್ರ, ಮಾಪಕಗಳನ್ನು ಬಹಳ ಹೊತ್ತು ಸುಮ್ಮನೆ ನೋಡುತ್ತ ನಿಂತಿದ್ದ ನಮ್ಮ ರೈತರಲ್ಲಿ ಒಬ್ಬರು, ವಿವರಿಸುತ್ತಿದ್ದ ನಿವೃತ್ತ ನಾವಿಕರತ್ತ ತಿರುಗಿ, “ಸಾಹೇಬರ, ಮ್ಯಾಲ ನೀರ ಇದ್ದಾಗ ಒಳಗಿದ್ದ ಮಂದಿಗಿ ಉಸರಾಡ್ಲಾಕ ಗಾಳಿ ಎಲ್ಲಿಂದ ಬರ್ತದರೀ?” ಎಂದು ಕೇಳಿದರು. ನಾನು ಅದನ್ನು ಹಿಂದಿಯಲ್ಲಿ ಹೇಳಿದಾಗ ಆ ನಾವಿಕರು ಪ್ರಸನ್ನರಾಗಿ, ಇದೇ ಮುಖ್ಯವಾದ ಪ್ರಶ್ನೆಯೆಂದು ಮೆಚ್ಚಿ, ಸಾವಧಾನವಾಗಿ ಉತ್ತರವಿತ್ತರು. ಮುಳುಗುವಾಗ ಒಳಗೆ ಎಷ್ಟು ಗಾಳಿಯಿರುತ್ತದೆಯೋ ಅಷ್ಟರಲ್ಲಿಯೇ ಎಲ್ಲರೂ ಉಸಿರಾಡಬೇಕು. ಬಿಟ್ಟ ಉಸಿರಿನ ವಿಷಾಂಶವನ್ನು ರಾಸಾಯನಿಕಗಳಿಂದ ಹೀರಿಸಬೇಕು. ಡೀಸೆಲ್ ಎಂಜಿನು ಉರಿಯಬೇಕಾದರೂ ಗಾಳಿ ಬೇಕು. ಆದುದರಿಂದ ಆಳದಲ್ಲಿ ಅದನ್ನು ನಡೆಸುವಂತಿಲ್ಲ, ಬ್ಯಾಟರಿಗಳಲ್ಲಿ ಸಂಗ್ರಹಿಸಿದ ವಿದ್ಯುತ್ತಿನಿಂದಲೇ ಸಂಚರಿಸಬೇಕು. ಬ್ಯಾಟರಿ ಕ್ಷೀಣಿಸಿದಾಗ ಮೇಲಕ್ಕೆ ಬಂದು, ಅಥವಾ ನೀರಿನ ಮೇಲ್ಮೈಗೆ ಒಂದು ಕೊಳವೆಯನ್ನು ಮಾತ್ರ ಚಾಚಿ, ಗಾಳಿಯನ್ನು ಸೆಳೆದುಕೊಂಡು ಎಂಜಿನುಗಳನ್ನು ನಡೆಸಿ ಬ್ಯಾಟರಿಯನ್ನು ತುಂಬಿಕೊಳ್ಳಬೇಕು. ಶತ್ರುವಿನ ಕಣ್ಣಿಗೆ ಬೀಳುವ ಅಪಾಯವಿರುವುದು ಆ ವೇಳೆಯಲ್ಲಿಯೇ. ಬ್ಯಾಟರಿಯನ್ನು ತುಂಬುವಾಗ ಹೊರಡುವ ಜಲಜನಕವಾದರೋ ಒಂದು ಕಿಡಿ ತಾಗಿದರೆ ಸ್ಫೋಟಿಸುವಂಥದು. ಗಾಳಿಯನ್ನು ಹೀಗೆ ಅಳೆದು ಬಳಸುವವರ ವೃತ್ತಾಂತವನ್ನು, ನೀರನ್ನು ಅಳೆದು ಬಳಸುವ ಬರದ ಸೀಮೆಯವರಾದ ನಮ್ಮವರು ತಡೆಯಿಲ್ಲದೆ ಗ್ರಹಿಸಿದರು.

ಈ ನೌಕೆಯಲ್ಲಿ ಸುಮಾರು 75 ಮಂದಿ ವಾಸಿಸುತ್ತಿದ್ದರು. ಹಗಲು ರಾತ್ರಿಗಳ ಭೇದವನ್ನು ಗಡಿಯಾರವೇ ಹೇಳಬೇಕು. ಸ್ನಾನಕ್ಕೆ ಸಿಹಿನೀರು ದುರ್ಲಭ. ಗಾಳಿಯಲ್ಲಿ ಡೀಸೆಲ್ಲಿನ ವಾಸನೆ. ಎಂಜಿನುಗಳ ಬಳಿ ಬೇಗೆ. ಒಬ್ಬನು ಪಹರೆಗೆದ್ದ ಹಾಸಿಗೆಯಲ್ಲಿ ಪಹರೆ ಮುಗಿಸಿ ಬಂದ ಇನ್ನೊಬ್ಬನು ಮಲಗಬೇಕು. ಊಟವನ್ನು ಸಿದ್ಧಪಡಿಸುವ ಅಡುಗೆಮನೆಯು ನಮ್ಮ ಹಳ್ಳಿಯ ಮನೆಯ ದೇವರಕೋಣೆಗಿಂತ ದೊಡ್ಡದಲ್ಲ. ಮೌನವೆಂಬುದು ಅಲ್ಲಿ ಶಿಷ್ಟಾಚಾರವಾಗಿರದೆ ಪ್ರಾಣರಕ್ಷಣೆಯ ಉಪಾಯವಾಗಿದೆ. ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 340 ಮೀಟರ್ ಚಲಿಸುವ ಶಬ್ದವು ಸಮುದ್ರದ ನೀರಿನಲ್ಲಿ ಸುಮಾರು 1500 ಮೀಟರ್ ವೇಗದಿಂದ ಬಹುದೂರ ಸಾಗುತ್ತದೆಯಾಗಿ, ಕೈಜಾರಿ ಬಿದ್ದ ಒಂದು ಪಾನಾ ಕೂಡ ನೌಕೆಯಿರುವ ತಾಣವನ್ನು ಶತ್ರುವಿನ ಸೋನಾರ್ ಯಂತ್ರಕ್ಕೆ ತಿಳಿಸಿಬಿಡಬಹುದು. ಕ್ಯಾಪ್ಟನ್ ಉಸಿರಾಡುವ ಗಾಳಿಯೂ ಅಡುಗೆಯವನು ಉಸಿರಾಡುವ ಗಾಳಿಯೂ ಅಲ್ಲಿ ಒಂದೇ. ಒಬ್ಬನ ಎಚ್ಚರವು ಎಲ್ಲರ ಆಯುಷ್ಯ, ಒಬ್ಬನ ಅಲಕ್ಷ್ಯವು ಎಲ್ಲರ ಮೃತ್ಯು. ಸಮಾಜಧರ್ಮವನ್ನು ಕುರಿತು ನಾವು ವೇದಿಕೆಗಳಲ್ಲಿ ಎಷ್ಟೋ ಉಪನ್ಯಾಸಗಳನ್ನು ಕೇಳುತ್ತೇವೆ. ಆ ಧರ್ಮವನ್ನು ಇಷ್ಟು ನಿರ್ವಿವಾದವಾಗಿ ಸ್ಥಾಪಿಸುವ ಪಾಠಶಾಲೆಯು ಬೇರೊಂದಿರಲಾರದು.

ಕುರ್ಸುರಾ 1971ರ ಯುದ್ಧದ ಸಮಯದಲ್ಲಿ ಅರಬ್ಬೀ ಸಮುದ್ರದಲ್ಲಿ ಪಹರೆಯಿದ್ದಿತು. ಗುರಿಯು ಶತ್ರುವಿನದೇ ಎಂದು ನಿಸ್ಸಂಶಯವಾಗಿ ಗುರುತಿಸಿದ ಮೇಲಲ್ಲದೆ ಪ್ರಹಾರ ಮಾಡಕೂಡದೆಂಬ ಕಟ್ಟಳೆಗೆ ಅದು ಒಳಪಟ್ಟಿತ್ತು. ಆ ಯುದ್ಧದಲ್ಲಿ ಅದು ಯಾವ ಹಡಗನ್ನೂ ಮುಳುಗಿಸಲಿಲ್ಲ. ವಿನಾಶದ ಸಾಮರ್ಥ್ಯವನ್ನು ಕೈಯಲ್ಲಿಟ್ಟುಕೊಂಡು, ನಿರಪರಾಧಿಯಾದ ಒಂದು ವ್ಯಾಪಾರದ ಹಡಗಿಗೂ ಹಾನಿಯಾಗದಂತೆ ಕೈತಡೆದು ಕಾಯುವುದು, ಹೊಡೆದು ಗೆಲ್ಲುವುದಕ್ಕಿಂತ ಕಡಿಮೆಯ ಶೌರ್ಯವೆಂದು ನಾನು ಭಾವಿಸಲಾರೆ. ಅದೇ ಯುದ್ಧದಲ್ಲಿ, ವಿಕ್ರಾಂತ್ ವಿಮಾನವಾಹಕ ನೌಕೆಯನ್ನು ಅರಸುತ್ತ ಬಂದ ಪಾಕಿಸ್ತಾನದ ಘಾಜಿ ಜಲಾಂತರ್ಗಾಮಿಯು ಡಿಸೆಂಬರ್ 3ರ ರಾತ್ರಿ ಕಳೆದು 4 ಮೂಡುವ ವೇಳೆಗೆ ಇದೇ ವಿಶಾಖಪಟ್ಟಣದ ಎದುರಿನ ನೀರಿನಲ್ಲಿ ಮುಳುಗಿತು. ಅದರಲ್ಲಿದ್ದ ತೊಂಬತ್ತಕ್ಕೂ ಹೆಚ್ಚು ಮಂದಿಯಲ್ಲಿ ಒಬ್ಬನೂ ಬದುಕಲಿಲ್ಲ. ಡಿಸೆಂಬರ್ 9ರ ರಾತ್ರಿ ದೀವ್ ದ್ವೀಪದ ಸಮೀಪದಲ್ಲಿ ಪಾಕಿಸ್ತಾನದ ಹಂಗೋರ್ ಜಲಾಂತರ್ಗಾಮಿಯು ನಮ್ಮ ಖುಕ್ರಿ ಎಂಬ ಯುದ್ಧನೌಕೆಯನ್ನು ಮುಳುಗಿಸಿತು. ಕ್ಯಾಪ್ಟನ್ ಮಹೇಂದ್ರನಾಥ ಮುಲ್ಲಾ ಅವರು ನೌಕೆಯನ್ನು ತೊರೆಯಲೊಪ್ಪದೆ ಅದರೊಡನೆಯೇ ಜಲಸಮಾಧಿಯಾದರು. ಅವರೂ ಸೇರಿ 18 ಅಧಿಕಾರಿಗಳೂ 176 ನಾವಿಕರೂ ಮಡಿದರು. ಆ ಹಂಗೋರ್ ಈಗ ಕರಾಚಿಯ ವಸ್ತುಸಂಗ್ರಹಾಲಯದಲ್ಲಿ ಪ್ರದರ್ಶಿತವಾಗಿದೆ. ಹೀಗೆ ಪರಸ್ಪರ ವೈರಿಗಳಾಗಿದ್ದ ದೇಶಗಳ ಎರಡು ನೌಕೆಗಳು ಎರಡು ಸಮುದ್ರಗಳ ತೀರಗಳಲ್ಲಿ ಮಕ್ಕಳಿಗೆ ಪಾಠ ಹೇಳುತ್ತಿವೆ. ವಿಶಾಖಪಟ್ಟಣದ ತೀರದಲ್ಲಿ ನಿಂತವನು ನಮ್ಮ ವಿಜಯವನ್ನು ನೆನೆಯುವುದು ಯೋಗ್ಯವೇ. ಆದರೆ ಕಣ್ಣೆದುರಿನ ಆ ನೀರಿನಡಿಯಲ್ಲಿಯೇ ನೂರರ ಸಮೀಪದ ಪರದೇಶದ ತಾಯಂದಿರ ಮಕ್ಕಳೂ ಮಲಗಿದ್ದಾರೆಂಬುದನ್ನು ನೆನೆಯದಿದ್ದರೆ ಅವನ ದರ್ಶನವು ಅಪೂರ್ಣವೆಂದೇ ಹೇಳಬೇಕು.

ಆಯುಧವನ್ನು ಪೀಠದ ಮೇಲಿಟ್ಟು ತೋರಿಸುವುದು ಹಿಂಸೆಯ ಆರಾಧನೆಯಾಗುವುದಿಲ್ಲವೇ ಎಂದು ಶಾಂತಿಪ್ರಿಯರು ಕೇಳಬಹುದು. ಈ ಪ್ರಶ್ನೆಯು ಗೌರವಾರ್ಹವಾದದ್ದು. ಚೌಕದಲ್ಲಿ ಬಣ್ಣ ಹಚ್ಚಿ ನಿಲ್ಲಿಸಿದ ಫಿರಂಗಿಯೊಂದು, ಅದರ ಹಿಂದಿನ ಮನುಷ್ಯನ ಸುಳಿವನ್ನೇ ಕೊಡದೆ ಕೇವಲ ಬಲಪ್ರದರ್ಶನವಾಗಿ ಉಳಿಯುವುದುಂಟು. ಆದರೆ ಜಲಾಂತರ್ಗಾಮಿಯ ಒಳಹೊಕ್ಕು ಬಂದವನು ಯುದ್ಧವನ್ನು ಹಗುರವಾಗಿ ಭಾವಿಸಲಾರನು. ಅಲ್ಲಿ ಅವನು ಕಾಣುವುದು ಮನುಷ್ಯನು ಯುದ್ಧಕ್ಕಾಗಿ ತೆರುವ ಬೆಲೆಯನ್ನು. ಈ ಸಂಗ್ರಹಾಲಯದ ಅತ್ಯುತ್ತಮ ಗುಣವೆಂದರೆ, ನೌಕೆಯ ಅಂಗಾಂಗಗಳನ್ನು ಬಹುಮಟ್ಟಿಗೆ ಯಥಾಸ್ಥಿತಿಯಲ್ಲಿ ಉಳಿಸಿಕೊಂಡಿರುವುದು ಮತ್ತು ಅದನ್ನು ವಿವರಿಸುವ ಕಾರ್ಯವನ್ನು ನಿವೃತ್ತ ನೌಕಾಸೈನಿಕರಿಗೇ ವಹಿಸಿರುವುದು. ಅನುಭವಿಸಿದವನ ಬಾಯಿಂದ ಕೇಳಿದ ಮಾತಿಗೆ ಯಾವ ಫಲಕವೂ ಸಾಟಿಯಾಗದು.

ಇಷ್ಟೆಲ್ಲ ಕಂಡು ಹೊರಬಂದ ಮೇಲೆ, ಇದರಿಂದ ಭೀಮಾತೀರದ ರೈತನಿಗೆ ಏನು ಸಂಬಂಧವೆಂಬ ಪ್ರಶ್ನೆಯು ಉಳಿಯುತ್ತದೆ. ಸಂಬಂಧವು ಅತ್ಯಂತ ನಿಕಟವಾದದ್ದು. ಪರಿಮಾಣದ ಲೆಕ್ಕದಲ್ಲಿ ನಮ್ಮ ದೇಶದ ವಿದೇಶ ವ್ಯಾಪಾರದ ಸುಮಾರು ಶೇಕಡ 95 ಭಾಗವು ಸಮುದ್ರಮಾರ್ಗವಾಗಿಯೇ ನಡೆಯುತ್ತದೆ. ಟ್ರ್ಯಾಕ್ಟರಿಗೆ ಹಾಕುವ ಡೀಸೆಲ್ಲಿನ ಮೂಲವಾದ ಕಚ್ಚಾತೈಲವು ಹಡಗಿನಲ್ಲಿ ಬರುತ್ತದೆ. ಹೊಲಕ್ಕೆ ಹಾಕುವ ರಸಗೊಬ್ಬರದ ಬಹುಪಾಲು ಸಾಮಗ್ರಿಯು ಹಡಗಿನಲ್ಲಿ ಬರುತ್ತದೆ. ಅಷ್ಟೇಕೆ, ಕಲಬುರಗಿಯ ಬಜಾರಿನಲ್ಲಿ ನಮ್ಮ ತೊಗರಿಯ ಧಾರಣಿಯು ಏರುವುದೂ ಇಳಿಯುವುದೂ ಮೊಜಾಂಬಿಕ್ ಮತ್ತು ಮ್ಯಾನ್ಮಾರ್ ದೇಶಗಳಿಂದ ಹಡಗಿನಲ್ಲಿ ಬರುವ ತೊಗರಿಯನ್ನು ಅವಲಂಬಿಸಿದೆ. ಸಮುದ್ರವನ್ನು ಎಂದೂ ಕಾಣದ ರೈತನ ಬಾಳು ಹೀಗೆ ಸಮುದ್ರದ ಸುರಕ್ಷತೆಯೊಡನೆ ಹೆಣೆದುಕೊಂಡಿರುವಾಗ, ಆ ಸುರಕ್ಷತೆಯನ್ನು ಕಾಪಾಡುವವರ ಋಣವು ತನ್ನ ಮೇಲೆ ಇಲ್ಲವೆಂದು ಅವನು ಹೇಳುವಂತಿಲ್ಲ.

ಚರಿತ್ರೆಯನ್ನು ಕೇಳಿದರೂ ಅದು ಇದನ್ನೇ ಹೇಳುತ್ತದೆ. ಒಳನಾಡಿನ ಬಾದಾಮಿಯಿಂದ ಆಳಿದ ಇಮ್ಮಡಿ ಪುಲಕೇಶಿಯು ಪಶ್ಚಿಮ ಸಮುದ್ರದ ಪುರಿ ನಗರವನ್ನು ನೌಕಾಸಮೂಹದಿಂದ ಮುತ್ತಿದನೆಂದು ರವಿಕೀರ್ತಿಯ ಐಹೊಳೆಯ ಶಾಸನವು, ಆ ಹಡಗುಗಳನ್ನು ಮದ್ದಾನೆಗಳಿಗೆ ಹೋಲಿಸಿ, ಸುಮಾರು 634ನೆಯ ಇಸವಿಯಲ್ಲಿಯೇ ಸಾರಿದೆ. ನಮ್ಮ ಜಿಲ್ಲೆಯ ಮಳಖೇಡವನ್ನು ರಾಜಧಾನಿಯಾಗಿ ಮಾಡಿಕೊಂಡ ರಾಷ್ಟ್ರಕೂಟರ ಕೀರ್ತಿಯನ್ನು ಒಂಬತ್ತನೆಯ ಶತಮಾನದಲ್ಲಿ ದೂರದೇಶಗಳಿಗೆ ಒಯ್ದವರು ಕಡಲನ್ನು ದಾಟಿ ಬಂದ ಅರಬ್ಬೀ ವರ್ತಕರು. ಬಹಮನಿಯರ ಮಂತ್ರಿಯಾಗಿ ಬೀದರಿನಲ್ಲಿ ಮದರಸವನ್ನು ಕಟ್ಟಿಸಿದ ಮಹಮೂದ ಗಾವಾನನು ಪರ್ಷಿಯಾದಿಂದ ಹಡಗಿನಲ್ಲಿಯೇ ಬಂದವನು. ಉಳ್ಳಾಲದ ರಾಣಿ ಅಬ್ಬಕ್ಕನ ಹೆಸರನ್ನು ಹೊತ್ತ ಕರಾವಳಿ ರಕ್ಷಣಾ ನೌಕೆಯು ನಿರ್ಮಾಣವಾದದ್ದು ಇದೇ ವಿಶಾಖಪಟ್ಟಣದ ಕಾರ್ಖಾನೆಯಲ್ಲಿ. ಸಮುದ್ರವು ಕನ್ನಡಿಗರಿಗೆ ಪರಕೀಯವೆಂಬ ಭಾವನೆಯು ಹೊಸದು, ಆಧಾರವಿಲ್ಲದ್ದು.

ನಮ್ಮ ರಾಜ್ಯದ ಕಾರವಾರದಲ್ಲಿಯೂ ರವೀಂದ್ರನಾಥ ಟಾಗೋರ್ ಕಡಲತೀರದ ಮೇಲೆ ಐಎನ್‌ಎಸ್ ಚಪಲ್ ಎಂಬ ನಿವೃತ್ತ ಕ್ಷಿಪಣಿ ನೌಕೆಯು ವಸ್ತುಸಂಗ್ರಹಾಲಯವಾಗಿ ನಿಂತಿದೆ. 1976ರಲ್ಲಿ ಸೇವೆಗೆ ಸೇರಿ 2005ರಲ್ಲಿ ನಿವೃತ್ತವಾದ ನೌಕೆಯದು. ಅದು ನಿವೃತ್ತವಾದ ವರ್ಷದ ಮೇ 31ರಂದೇ ಕಾರವಾರದ ನೌಕಾನೆಲೆಯು, ಬನವಾಸಿಯ ಅರಸುಮನೆತನದ ಹೆಸರನ್ನು ತಾಳಿ, ಐಎನ್‌ಎಸ್ ಕದಂಬವೆಂದು ಸ್ಥಾಪಿತವಾಯಿತು. ಆ ನೆಲೆಗಾಗಿ ತಲೆತಲಾಂತರದ ಮನೆಹೊಲಗಳನ್ನು ಬಿಟ್ಟುಕೊಟ್ಟ ಉತ್ತರ ಕನ್ನಡದ ಕುಟುಂಬಗಳ ತ್ಯಾಗವನ್ನು ರಾಜ್ಯದ ಉಳಿದ ಭಾಗದವರು ತಿಳಿಯದಿರುವುದು ಕೃತಘ್ನತೆಗೆ ಸಮೀಪವಾದದ್ದು.

ಆದಕಾರಣ ಆಳಂದ, ಅಫಜಲಪುರ, ಜೇವರ್ಗಿ ತಾಲೂಕುಗಳ ಶಾಲೆಗಳ ಗುರುಗಳಲ್ಲಿ ನನ್ನ ವಿನಂತಿಯಿಷ್ಟು. ಪ್ರತಿವರ್ಷವೂ ಮಕ್ಕಳನ್ನು ಶೈಕ್ಷಣಿಕ ಪ್ರವಾಸಕ್ಕೆ ಕರೆದುಕೊಂಡು ಹೋಗುತ್ತೀರಿ. ವಿಜಯಪುರದ ಗೋಳಗುಮ್ಮಟ, ಹಂಪೆ, ಬಾದಾಮಿಗಳನ್ನು ಅವಶ್ಯವಾಗಿ ತೋರಿಸಿರಿ. ಆದರೆ ಒಂದು ವರ್ಷವಾದರೂ ಕಾರವಾರದ ಚಪಲ್ ನೌಕೆಯನ್ನೂ, ಶಕ್ತಿಯಿದ್ದಲ್ಲಿ ವಿಶಾಖಪಟ್ಟಣದ ಕುರ್ಸುರಾವನ್ನೂ ತೋರಿಸಿರಿ. ಹೊರಡುವ ಮುನ್ನ ಮುಳುಗುವ ತೇಲುವ ತತ್ತ್ವವನ್ನೂ, 1971ರ ಸಂಗತಿಗಳನ್ನೂ ತರಗತಿಯಲ್ಲಿ ಹೇಳಿಕೊಡಿರಿ. ಅಲ್ಲಿ ವಿವರಿಸುವವರ ಮಾತನ್ನು ಕನ್ನಡಕ್ಕೆ ತಿರುಗಿಸಿ ಹೇಳುವವರೊಬ್ಬರನ್ನು ಜೊತೆಗೆ ಕರೆದೊಯ್ಯಿರಿ. ಅಧಿಕಾರದಲ್ಲಿರುವವರು ಇಂಥ ಪ್ರವಾಸಕ್ಕೆ ಬಡಮಕ್ಕಳ ರೈಲುಖರ್ಚನ್ನು ಒದಗಿಸಿಕೊಟ್ಟರೆ ಅದು ವ್ಯರ್ಥವ್ಯಯವಾಗದು. ನಮ್ಮ ಮಕ್ಕಳಲ್ಲಿ ಯಾರೋ ಒಬ್ಬನೋ ಒಬ್ಬಳೋ ಮುಂದೆ ನೌಕಾಪಡೆಯನ್ನು ಸೇರಿದರೆ ಸಂತೋಷ. ಸೇರದಿದ್ದರೂ, ತಮ್ಮ ನಿದ್ರೆಯನ್ನು ಕಾಯುತ್ತ ನೀರಿನಾಳದಲ್ಲಿ ಎಚ್ಚರವಿರುವವರನ್ನು ಅರಿತ ಪ್ರಜೆಗಳಾಗಿ ಅವರು ಬೆಳೆಯುವುದು, ಕಡಲಿನಿಂದ ದೂರವಿರುವ ಈ ಸೀಮೆಗೆ ಅತ್ಯಗತ್ಯವಾದ ವಿದ್ಯೆಯಾಗಿದೆ.